ಪಟ್ಟದರಸಿಯೂ ಓದುವ ತಿರುಮಲಾಂಬೆಯೂ: ಒಂದೇ ಆಸ್ಥಾನದ ಇಬ್ಬರು ಹೆಂಗಸರ ಕಾದಂಬರಿ ಕಟ್ಟುವ ಬಗೆ

ರಾಣಿವಾಸದ ಕಥೆಗೆ ನಮ್ಮಲ್ಲೊಂದು ಸಿದ್ಧ ಅಚ್ಚಿದೆ. ಹಿರಿಯ ರಾಣಿ ಸಾಧ್ವಿ, ಕಿರಿಯವಳು ಹೊಟ್ಟೆಕಿಚ್ಚಿನವಳು, ನಡುವೆ ಒಬ್ಬ ನರ್ತಕಿ, ಕೊನೆಗೆ ಹಾಲಿನ ಬಟ್ಟಲಲ್ಲಿ ವಿಷ. ಒಳ್ಳೆಯವಳು ಗೆಲ್ಲುತ್ತಾಳೆ, ಇಲ್ಲವೇ ಓದುಗರನ್ನು ಅಳಿಸಿ ಸಾಯುತ್ತಾಳೆ. ಈ ಅಚ್ಚಿನಲ್ಲಿ ಎರಕ ಹೊಯ್ದರೆ ವಿಜಯನಗರವೂ ಒಂದೇ, ಹೊಯ್ಸಳರ ದೋರಸಮುದ್ರವೂ ಒಂದೇ. ಅಚ್ಚು ಒಡೆಯಬೇಕಾದರೆ ಒಂದು ಮಾತನ್ನು ಹಿಡಿದು ಹೊರಡಿ: ಆಸ್ಥಾನದ ಹೆಂಗಸಿನ ಗತಿ ಆಕೆಯ ಗುಣದಿಂದ ಹುಟ್ಟುವುದಕ್ಕಿಂತ ಆಕೆ ಆತುಕೊಂಡ ಆಸರೆಯಿಂದ ಹುಟ್ಟುತ್ತದೆ. ತವರು, ಮಗ, ಉಂಬಳಿಯ ಊರು, ರಾಯನ ಬಳಿಗೆ ದಾರಿ, ಕೈಯಲ್ಲಿರುವ ವಿದ್ಯೆ. ಯಾವ ಆಸರೆ ಯಾವಾಗ ಮುರಿಯಿತು ಎಂಬುದೇ ಕಥೆ.

ಕೆಲಸ ಮಾಡುವ ಕ್ರಮ ತಿಳಿಯಲು ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ: ವಿಜಯನಗರದ ಅಚ್ಯುತರಾಯನ (1529–1542) ಪಟ್ಟದರಸಿ ವರದಾಂಬಿಕೆ, ಅದೇ ಆಸ್ಥಾನದ ಕವಯಿತ್ರಿ ತಿರುಮಲಾಂಬೆ. ಕೃಷ್ಣದೇವರಾಯನ ರಾಣಿಯರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಅವರನ್ನು ಸ್ವಲ್ಪ ವಿಶ್ರಾಂತಿಗೆ ಬಿಡಿ.

ಮೊದಲು: ಕೈಲಿರುವುದನ್ನು ಬಣ್ಣ ಹಚ್ಚಿ ಬೇರ್ಪಡಿಸಿ

ಒಂದು ನೋಟ್‌ಪುಸ್ತಕ, ನಾಲ್ಕು ಬಣ್ಣದ ಪೆನ್ನು ಸಾಕು. ಶಾಸನದ ಮಾತು ಕಪ್ಪು, ಕಾವ್ಯದ ಮಾತು ನೀಲಿ, ಪರದೇಶಿಗಳ ಬರಹ ಹಸಿರು, ನಿಮ್ಮ ಕಲ್ಪನೆ ಕೆಂಪು. ಆರು ತಿಂಗಳಾದ ಮೇಲೆ ನೀವೇ ಕಲ್ಪಿಸಿದ್ದನ್ನು ಇತಿಹಾಸ ಎಂದು ನೀವೇ ನಂಬುವುದು ಈ ಕಸುಬಿನ ದೊಡ್ಡ ರೋಗ. ಅದಕ್ಕೆ ಕೆಂಪು ಶಾಯಿಯೇ ಮದ್ದು.

ಈ ಜೋಡಿಯ ಮಟ್ಟಿಗೆ ಕಪ್ಪು ಶಾಯಿಗೆ ಸಿಗುವುದು ಇಷ್ಟು. ಹಂಪಿಯ ವಿಠ್ಠಲ ದೇವಾಲಯದ 1533ರ ಶಾಸನವೊಂದು ಅಚ್ಯುತನ ಸುವರ್ಣಮೇರು ದಾನವನ್ನು (ಮೇರು ಪರ್ವತದ ಹೆಸರಿನ ಚಿನ್ನದ ದಾನ) ಹೊಗಳುತ್ತದೆ. ಆ ಶ್ಲೋಕ ಕಟ್ಟಿದವಳು ‘ಓದುವ ತಿರುಮಲಮ್ಮ’. ಓದುವುದು, ಎಂದರೆ ರಾಯನ ಮುಂದೆ ಕಾವ್ಯ ಪುರಾಣಗಳನ್ನು ವಾಚಿಸುವುದು, ಆಕೆಯ ಊಳಿಗ. ವರದಾಂಬಿಕೆಯ ಮದುವೆಯ ಮೇಲೆ ಚಂಪೂ (ಗದ್ಯ ಪದ್ಯ ಬೆರೆತ ಕಾವ್ಯ) ಬರೆದ ತಿರುಮಲಾಂಬೆ ಈಕೆಯೇ ಎಂಬುದು ವಿದ್ವಾಂಸರಲ್ಲಿ ಬಳಕೆಯಲ್ಲಿರುವ ಅಭಿಪ್ರಾಯ. ಕಂಚಿಯಲ್ಲಿ ಅಚ್ಯುತ ಮುತ್ತಿನ ತುಲಾಭಾರ ಮಾಡಿಸಿದಾಗ ಜೊತೆಗೆ ರಾಣಿ ವರದಾದೇವಿ ಅಮ್ಮನವರ ಹೆಸರೂ ಕುಮಾರ ವೆಂಕಟಾದ್ರಿಯ ಹೆಸರೂ ಕಲ್ಲಿಗೇರಿವೆ. ರಾಣಿಯ ಸೋದರ ಹಿರಿಯ ತಿರುಮಲರಾಜ 1534ರಲ್ಲಿ ಕಟ್ಟಿಸಿದ ತಿರುವೆಂಗಳನಾಥನ ಗುಡಿಯನ್ನೇ ಇಂದು ಅಚ್ಯುತರಾಯ ದೇವಾಲಯ ಎನ್ನುತ್ತಾರೆ. ಕಮಲಾಪುರದ ಪಟ್ಟಾಭಿರಾಮ ದೇವಾಲಯದ ಸುತ್ತ ಇದ್ದ ಪೇಟೆಗೆ ವರದಾದೇವಿ ಅಮ್ಮನ ಪಟ್ಟಣ ಎಂದೇ ಹೆಸರು.

ನೀಲಿಗೆ ತಿರುಮಲಾಂಬೆಯದೇ ‘ವರದಾಂಬಿಕಾ ಪರಿಣಯ ಚಂಪೂ’ ಇದೆ. ಅಚ್ಯುತನ ತಂದೆ ನರಸನಾಯಕನ ದಂಡಯಾತ್ರೆ, ಅಚ್ಯುತನ ಹುಟ್ಟು, ದೇವಾಲಯದಲ್ಲಿ ವರದಾಂಬಿಕೆಯನ್ನು ಕಂಡದ್ದು, ಮದುವೆ, ಮಗ ಚಿನ್ನ ವೆಂಕಟಾದ್ರಿಯ ಜನನ, ಅವನಿಗೆ ಯುವರಾಜ ಪಟ್ಟ. ಅಲ್ಲಿಗೆ ಮಂಗಳ. ಸಮಾಪ್ತಿಯ ಗದ್ಯದಲ್ಲಿ ಕವಯಿತ್ರಿ ತನ್ನನ್ನು ಅಚ್ಯುತರಾಯನ ಪ್ರೇಮಕ್ಕೂ ವಿಶ್ವಾಸಕ್ಕೂ ನೆಲೆಯಾದವಳೆಂದು ಕರೆದುಕೊಳ್ಳುತ್ತಾಳೆ. ರಾಣಿಯ ಮದುವೆಯನ್ನು ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ರಾಯನ ಪಕ್ಕದಲ್ಲಿ ಸದ್ದಿಲ್ಲದೆ ಇಡುತ್ತಾಳೆ. ಕಾದಂಬರಿಯ ಬೀಜ ಇಲ್ಲೇ ಇದೆ. (ಸಂಸ್ಕೃತದ ಅತಿ ಉದ್ದದ ಸಮಾಸವೆಂದು ಗಿನ್ನೆಸ್ ದಾಖಲೆಗೆ ಹೋದ, 195 ಅಕ್ಷರಗಳ ಪದವೂ ಇದೇ ಚಂಪೂವಿನದು. ನಿಮ್ಮ ವರ್ಣನೆ ಉದ್ದವಾಯಿತು ಎಂದು ಯಾರಾದರೂ ಬೈದರೆ ನೆನಪಿಸಿಕೊಳ್ಳಿ. ಅನುಸರಿಸಬೇಡಿ.)

ಹಸಿರಿಗೆ ಫೆರ್ನಾವೊ ನೂನಿಜ್, ಅಚ್ಯುತನ ಕಾಲದಲ್ಲೇ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನಿಗಿಂತ ಹತ್ತು ಹದಿನೈದು ವರ್ಷ ಮುಂಚೆ, ಕೃಷ್ಣದೇವರಾಯನ ಕಾಲದಲ್ಲಿ ಬಂದವನು ಡೊಮಿಂಗೊ ಪೇಸ್. ರಾಬರ್ಟ್ ಸೂಯಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಬ್ಬರ ಬರಹವೂ ಇಂಗ್ಲಿಷಿನಲ್ಲಿ ಸಿಗುತ್ತದೆ.

ಪ್ರತಿ ಬಣ್ಣದ ಸುಳ್ಳೂ ಬೇರೆ ಬೇರೆ. ಶಾಸನ ದಾನ ಕೊಟ್ಟ ದಿನವನ್ನಷ್ಟೇ ನೋಡುತ್ತದೆ, ಜಗಳದ ದಿನ ಅದಕ್ಕೆ ಕಣ್ಣಿಲ್ಲ. ಕಾವ್ಯದಲ್ಲಿ ರಾಣಿ ಯಾವಾಗಲೂ ಚಂದ್ರಮುಖಿ. ಅಂತಃಪುರದ ಒಳಗೆ ಕಾಲಿಡದ ಪರದೇಶಿ ಹೊರಬಾಗಿಲಲ್ಲಿ ಕೇಳಿದ ಲೆಕ್ಕವನ್ನು ಒಪ್ಪಿಸುತ್ತಾನೆ. ಅಂತಃಪುರದಲ್ಲಿ 12 ಸಾವಿರ ಹೆಂಗಸರು ಎಂದು ಪೇಸ್ ಬರೆದರೆ, 4 ಸಾವಿರಕ್ಕೂ ಹೆಚ್ಚು ಎಂದು ನೂನಿಜ್. ಇಂಥ ಅಂಕಿಯನ್ನು ಕಥೆಗಾರ ತನ್ನ ಬಾಯಿಂದ ಹೇಳಬಾರದು, ಸಂತೆಯಲ್ಲಿ ಮಾತಾಡುವ ಪಾತ್ರದ ಬಾಯಿಗೆ ಹಾಕಬೇಕು.

ತೇದಿಗೊಂದು ಸುಲಭ ದಾರಿ. ಶಕ ವರ್ಷಕ್ಕೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ತಿಂಗಳಾದರೆ 79. ಶಕ 1455 ಎಂದರೆ 1533–34. ಸಂವತ್ಸರದ ಹೆಸರು ತಾಳೆ ನೋಡಲು 480 ವರ್ಷ ಮುಂದಕ್ಕೆ ಹೋಗಿ. ಚಕ್ರ 60 ವರ್ಷದ್ದು, ಎಂಟು ಸುತ್ತಿಗೆ 480. 2013ರ ಯುಗಾದಿಗೆ ವಿಜಯ ಸಂವತ್ಸರ, 1533ಕ್ಕೂ ಅದೇ. ತಿಥಿ, ವಾರ ಮಾತ್ರ ಹೀಗೆ ಮರಳುವುದಿಲ್ಲ. ಅವನ್ನು ಊಹಿಸಿ ಬರೆಯಬೇಡಿ.

ಆಸರೆಯ ಪಟ್ಟಿ

ಒಂದು ಹಾಳೆಯಲ್ಲಿ ಎರಡು ಕಲಂ ಎಳೆಯಿರಿ. ಎಡಕ್ಕೆ ವರದಾಂಬಿಕೆ, ಬಲಕ್ಕೆ ತಿರುಮಲಾಂಬೆ. ಮೇಲಿಂದ ಕೆಳಕ್ಕೆ ತವರು, ಮಗ, ಸ್ವಂತ ಆಸ್ತಿ, ವಾಸದ ಜಾಗ, ರಾಯನ ಬಳಿಗೆ ದಾರಿ, ವಿದ್ಯೆ. ಪ್ರತಿ ಸಾಲಿನಲ್ಲೂ ಎರಡು ಪ್ರಶ್ನೆ: ಇದು ಆಕೆಗೆ ಯಾರಿಂದ ಬಂತು? ರಾಯ ಸತ್ತ ಮರುದಿನ ಇದರ ಗತಿ ಏನು?

ಎಡಗಡೆ ತುಂಬಿ ತುಳುಕುತ್ತದೆ. ತವರು ಸಲಕರಾಜರ ಪ್ರಬಲ ಮನೆತನ. ಸೋದರರಾದ ಪೆದ್ದ (ಹಿರಿಯ) ತಿರುಮಲ, ಚಿನ್ನ (ಕಿರಿಯ) ತಿರುಮಲ ಆಡಳಿತವನ್ನೇ ಕೈಗೆ ತೆಗೆದುಕೊಂಡವರು. ಮಗ ಯುವರಾಜ. ಹೆಸರಿಗೊಂದು ಪೇಟೆ. ಬಲಗಡೆಯಲ್ಲಿ ತುಂಬುವುದು ಎರಡೇ ಸಾಲು, ರಾಯನ ಬಳಿಗೆ ದಾರಿ ಮತ್ತು ವಿದ್ಯೆ. ಹೊಸ ಬರಹಗಾರರು ಇಲ್ಲಿ ನಿಂತು, ಒಬ್ಬಳು ಸಿರಿವಂತೆ, ಇನ್ನೊಬ್ಬಳು ಬಡವಿ ಎಂದು ಹೋಲಿಕೆ ಮುಗಿಸಿಬಿಡುತ್ತಾರೆ. ಎರಡನೆಯ ಪ್ರಶ್ನೆಯನ್ನು ಕೇಳಿದಾಗ ಪಟ್ಟಿ ತಲೆಕೆಳಗಾಗುತ್ತದೆ.

1542ರಲ್ಲಿ ಅಚ್ಯುತ ತೀರಿಕೊಂಡ. ಎಳೆಯ ವೆಂಕಟಾದ್ರಿಗೆ ಪಟ್ಟವಾಯಿತು, ಆಡಳಿತ ಸೋದರಮಾವ ಚಿನ್ನ ತಿರುಮಲನ ಕೈಗೆ ಹೋಯಿತು. ತಮ್ಮವರ ಮೇಲೇ ನಂಬಿಕೆ ಹೋದ ರಾಣಿ ಬಿಜಾಪುರದ ಆದಿಲ್ ಶಾಹನ ಸಹಾಯ ಬೇಡಿದಳು. ಹೊರಟು ಬಂದ ಶಾಹನನ್ನು ಚಿನ್ನ ತಿರುಮಲ ಹಣ ಕೊಟ್ಟು ದಾರಿಯಿಂದಲೇ ಹಿಂದಿರುಗಿಸಿದ. ಆಮೇಲೆ ಹುಡುಗನನ್ನು ಕೊಲ್ಲಿಸಿ ತಾನೇ ಸಿಂಹಾಸನವೇರಿದ. ಕೃಷ್ಣದೇವರಾಯನ ಅಳಿಯ ರಾಮರಾಯ ಅವನನ್ನು ಸೋಲಿಸಿ ಸದಾಶಿವರಾಯನಿಗೆ ಪಟ್ಟ ಕಟ್ಟಿದ. ಎಡಗಡೆಯ ಪಟ್ಟಿಯಲ್ಲಿ ಅತಿ ಗಟ್ಟಿ ಎಂದು ಬರೆದ ತವರು ಎಂಬ ಸಾಲೇ ಮಗ ಎಂಬ ಸಾಲನ್ನು ನುಂಗಿತು. ಬಲಗಡೆಯಲ್ಲಿ ರಾಯನ ದಾರಿ ಮುಚ್ಚಿತು. ಉಳಿದದ್ದು ವಿದ್ಯೆಯೊಂದೇ, ಅದನ್ನು ಯಾರೂ ಕೊಟ್ಟಿರಲಿಲ್ಲ, ಕಿತ್ತುಕೊಳ್ಳಲೂ ಆಗಲಿಲ್ಲ. 1542ರ ನಂತರದ ತಿರುಮಲಾಂಬೆ ಪೂರ್ತಿ ಕೆಂಪು ಶಾಯಿಯವಳು, ನಿಮ್ಮವಳು.

ರಾಣಿ ದಡ್ಡಿಯಾಗಿ ಕಾಣದಂತೆ ನೋಡಿಕೊಳ್ಳುವುದು ಮುಖ್ಯ. ಕೃಷ್ಣದೇವರಾಯ ಸಾಯುವಾಗ ಅವನಿಗೆ ಹದಿನೆಂಟು ತಿಂಗಳ ಮಗನಿದ್ದ, ಆದರೂ ಚಂದ್ರಗಿರಿಯ ಕೋಟೆಯಲ್ಲಿ ಸೆರೆಯಿಟ್ಟಿದ್ದ ತಮ್ಮ ಅಚ್ಯುತನನ್ನೇ ಉತ್ತರಾಧಿಕಾರಿಯಾಗಿ ಆರಿಸಿದ ಎಂದು ನೂನಿಜ್ ಬರೆಯುತ್ತಾನೆ. ಎಳೆಯ ಕೂಸಿಗೆ ಸಿಂಹಾಸನ ದಕ್ಕುವುದಿಲ್ಲ ಎಂಬುದನ್ನು ವರದಾಂಬಿಕೆ ತನ್ನ ಗಂಡನಿಗೆ ಬಂದ ಭಾಗ್ಯದಲ್ಲೇ ಕಲಿತಿರುತ್ತಾಳೆ. ಆದ್ದರಿಂದ ಮಗನ ಹೆಸರು ಬೇಗ ಕಲ್ಲಿಗೇರಲಿ, ಬೇಗ ಯುವರಾಜ ಪಟ್ಟವಾಗಲಿ, ಕಾವಲಿಗೆ ನನ್ನ ತವರಿನವರೇ ಇರಲಿ ಎಂದು ಹವಣಿಸುತ್ತಾಳೆ. ಮೂರೂ ಬುದ್ಧಿವಂತಿಕೆಯ ಹೆಜ್ಜೆಗಳೇ, ಮೂರನೆಯದು ಕೊಲ್ಲುತ್ತದೆ. ಈ ಅವಸರ ಕೆಂಪು ಶಾಯಿಯದು, ಆದರೆ ಕಪ್ಪು, ನೀಲಿ, ಹಸಿರು ಶಾಯಿಯ ನೆಲದ ಮೇಲೆ ನಿಂತಿದೆ. ಕಾದಂಬರಿಗೆ ಬೇಕಾದ ಕಲ್ಪನೆ ಈ ಜಾತಿಯದು.

ಕಾಲದ ಗೆರೆ, ಅಧ್ಯಾಯದ ಲೆಕ್ಕ

ಪಟ್ಟಾಭಿಷೇಕದಿಂದ ಕಥೆ ಶುರು ಮಾಡಬೇಡಿ. 1529ರಿಂದ ಹೊರಟರೆ ಮೊದಲ 60 ಪುಟ ಗಂಡಸರ ಉತ್ತರಾಧಿಕಾರದ ಜಗಳಕ್ಕೆ ಹೋಗುತ್ತದೆ, ಹೆಂಗಸರು ಪರದೆಯ ಹಿಂದೆ ಕಾಯುತ್ತಾ ಕೂರುತ್ತಾರೆ. 1533ರಿಂದ ತೆಗೆಯಿರಿ: ಸುವರ್ಣಮೇರು ದಾನದ ಹಿಂದಿನ ರಾತ್ರಿ, ತಿರುಮಲಾಂಬೆ ಶ್ಲೋಕ ತಿದ್ದುತ್ತಿದ್ದಾಳೆ, ಮುಗಿಯುವುದನ್ನೇ ಕಲ್ಲುಕುಟಿಗ ಕಾಯುತ್ತಿದ್ದಾನೆ. ಒಂದೇ ದೃಶ್ಯದಲ್ಲಿ ರಾಯನ ಸಂಪತ್ತು, ಆಕೆಯ ಊಳಿಗ, ಕಲ್ಲಿನ ಆಯುಸ್ಸು ಮೂರೂ ಬಂದವು. ಹಿಂದಿನದೆಲ್ಲ ನೆನಪಿನಲ್ಲಿ ಚೂರುಚೂರಾಗಿ ಬರಲಿ.

80 ಸಾವಿರ ಪದಗಳ ಕಾದಂಬರಿಯಾದರೆ 24 ಅಧ್ಯಾಯ, ಒಂದೊಂದು 3,300 ಪದಗಳ ಆಸುಪಾಸು. ರಾಣಿಗೆ 11, ಓದುವವಳಿಗೆ 9, ಇಬ್ಬರೂ ಎದುರುಬದುರಾಗುವುದಕ್ಕೆ ನಾಲ್ಕೇ. ಅದಕ್ಕಿಂತ ಹೆಚ್ಚು ಸಲ ಎದುರು ನಿಲ್ಲಿಸಿದರೆ ಅರಮನೆ ಅಗ್ರಹಾರದ ಓಣಿಯಂತಾಗುತ್ತದೆ, ಬೇಕೆಂದಾಗ ಹೋಗಿ ಮಾತಾಡಿಸಿ ಬರುವ ಜಾಗವಾಗುತ್ತದೆ. ಚಂಪೂ ಮುಗಿಯುವ ಯುವರಾಜ ಪಟ್ಟದ ದೃಶ್ಯವನ್ನು 15 ಅಥವಾ 16ನೆಯ ಅಧ್ಯಾಯಕ್ಕೆ ಇಡಿ. ಕಾವ್ಯ ಮಂಗಳ ಹಾಡಿದಲ್ಲಿಂದ ಕಾದಂಬರಿಯ ಇಳಿಜಾರು ಆರಂಭವಾಗಲಿ. 1542ರ ಘಟನೆಗಳಿಗೆ ಆರು ಅಧ್ಯಾಯ ಮೀಸಲಿಡಿ. ಹೆಚ್ಚಿನವರು ಆ ಹೊತ್ತಿಗೆ ದಣಿದು ಅದನ್ನು ಒಂದೂವರೆ ಅಧ್ಯಾಯದಲ್ಲಿ ಮುಗಿಸುತ್ತಾರೆ, ಮಗನ ಸಾವು ಪತ್ರಿಕೆಯ ಸುದ್ದಿಯಂತೆ ಓದಿಸಿಕೊಳ್ಳುತ್ತದೆ.

ಹೆಸರುಗಳ ಸಿಕ್ಕು

ಈ ಕಾಲದ ಕಥೆ ಕೈಬಿಟ್ಟವರಲ್ಲಿ ಅರ್ಧ ಜನ ಸೋತದ್ದು ಇಲ್ಲೇ ಇರಬೇಕು. ರಾಣಿಯ ಇಬ್ಬರು ಸೋದರರೂ ತಿರುಮಲ. ಕವಯಿತ್ರಿ ತಿರುಮಲಾಂಬೆ. ಕೃಷ್ಣದೇವರಾಯನ ರಾಣಿ ತಿರುಮಲದೇವಿ. ಅಳಿಯ ರಾಮರಾಯನ ಹೆಂಡತಿ, ಕೃಷ್ಣದೇವರಾಯನ ಮಗಳು, ಇನ್ನೊಬ್ಬ ತಿರುಮಲಾಂಬೆ. ರಾಮರಾಯನ ತಮ್ಮಂದಿರು ತಿರುಮಲ ಮತ್ತು ವೆಂಕಟಾದ್ರಿ, ರಾಣಿಯ ಮಗನೂ ವೆಂಕಟಾದ್ರಿ. ಎಲ್ಲರೂ ತಿರುಪತಿಯ ಒಕ್ಕಲು.

ಹೆಸರು ಬದಲಿಸುವ ಹಾಗಿಲ್ಲ, ಕರೆಯುವ ರೀತಿಯನ್ನು ಬದಲಿಸಬಹುದು. ಸೋದರರನ್ನು ಹಿರಿಯರಾಜ, ಚಿಕ್ಕರಾಜ ಎನ್ನಿ. ಮಗನನ್ನು ‘ಕುಮಾರರು’ ಎಂದಷ್ಟೇ ಊಳಿಗದವರು ಕರೆಯಲಿ, ತಾಯಿ ಮಾತ್ರ ‘ವೆಂಕಟ’ ಎನ್ನಲಿ. ತಿರುಮಲಾಂಬೆ ಎಲ್ಲರ ಬಾಯಲ್ಲೂ ‘ಓದುವವ್ವ’, ರಾಯ ಒಬ್ಬನೇ ಪೂರ್ತಿ ಹೆಸರಿಡಿದು ಕರೆಯಲಿ. ಹೀಗೆ ಮಾಡಿದರೆ ಗೊಂದಲ ಹೋಗುವುದಷ್ಟೇ ಅಲ್ಲ, ಯಾರಿಗೆ ಯಾರು ಎಷ್ಟು ಹತ್ತಿರ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಒಳಗಿನ ಬಾಗಿಲುಗಳು

ಅರಮನೆಯ ನಕ್ಷೆಯನ್ನು ಕಲ್ಲಿನಿಂದ ಬರೆಯುವ ಮೊದಲು ಮಾತು ಹಾಯುವ ದಾರಿಯಿಂದ ಬರೆಯಿರಿ. ರಾಯ ರಾಣಿಯನ್ನು ಕರೆಸುವ ಕ್ರಮವನ್ನು ಪೇಸ್ ಹೇಳಿದ್ದಾನೆ. ರಾಯ ಖೋಜಾನಿಗೆ (ಅಂತಃಪುರದ ನಪುಂಸಕ ಊಳಿಗದವನಿಗೆ) ಹೇಳುತ್ತಾನೆ. ಖೋಜಾ ಒಳಗೆ ಹೋಗುವ ಹಾಗಿಲ್ಲ, ಬಾಗಿಲಿನ ಕಾವಲು ಹೆಂಗಸಿಗೆ ತಿಳಿಸುತ್ತಾನೆ. ಆಕೆ ಒಳಕ್ಕೆ ಮುಟ್ಟಿಸುತ್ತಾಳೆ. ರಾಣಿಯ ಸಖಿಯೊಬ್ಬಳು ಬಂದು ವಿಷಯ ತಿಳಿದು ಹೋಗುತ್ತಾಳೆ. ಒಂದು ‘ಬಾ’ ಎಂಬ ಮಾತು ಮೂರು ಬಾಯಿ ದಾಟಿ ರಾಣಿಯ ಕಿವಿಗೆ ಬೀಳುತ್ತದೆ. ಆ ಮೂವರಲ್ಲಿ ಯಾರು ತಡಮಾಡಿದರು, ಯಾರು ಒಂದು ಪದ ನುಂಗಿದರು, ಯಾರಿಗೆ ಚಿಕ್ಕರಾಜನಿಂದ ಉಡುಗೊರೆ ಹೋಗಿದೆ? ವಿಷದ ಬಟ್ಟಲಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಮೂವರು ಮುಖ್ಯ ರಾಣಿಯರಿಗೂ ಎಲ್ಲವನ್ನೂ ಸಮನಾಗಿ ಕೊಡುತ್ತಿದ್ದರು, ಅವರಲ್ಲಿ ಮನಸ್ತಾಪ ಬಾರದಿರಲೆಂದು, ಎಂದೂ ಪೇಸ್ ಬರೆದಿದ್ದಾನೆ. ಇದು ಕೃಷ್ಣದೇವರಾಯನ ಕಾಲದ ಮಾತು, ಅಚ್ಯುತನ ಅರಮನೆಗೂ ಇದೇ ಕಟ್ಟಳೆ ಎಂದು ಇಟ್ಟುಕೊಂಡರೆ ಅದಕ್ಕೆ ಕೆಂಪು ಶಾಯಿ. ಎಲ್ಲವೂ ಸಮನಾಗಿರುವ ಮನೆಯಲ್ಲಿ ಜಗಳ ಚಿಕ್ಕದರ ಮೇಲೆ ಹುಟ್ಟುತ್ತದೆ. ಒಬ್ಬಳ ಪಲ್ಲಕ್ಕಿಯ ಹಿಂದೆ ಒಂದು ಕೊಂಬು ಹೆಚ್ಚು ಊದಿತು ಎಂಬುದು ತಿಂಗಳುಗಟ್ಟಲೆ ಮಾತು ಬಿಡಲು ಸಾಕು.

ಇನ್ನು ನೂನಿಜ್ ಕೊಡುವ ವಿವರ ಬಂಗಾರ. ಅರಮನೆಯ ಒಳಗೆ ರಾಣಿಯರನ್ನೂ, ಒಮ್ಮೊಮ್ಮೆ ರಾಯನನ್ನೂ ಹೊರುವವರು ಹೆಂಗಸರು, ಏಕೆಂದರೆ ಒಂದು ಮನೆಗೂ ಇನ್ನೊಂದಕ್ಕೂ ಅಷ್ಟು ದೂರ. ಕುಸ್ತಿ ಆಡುವವರು, ಜ್ಯೋತಿಷ ಹೇಳುವವರು, ರಾತ್ರಿ ಕಾವಲು ಕಾಯುವವರು ಹೆಂಗಸರು. ಬಾಗಿಲ ಒಳಗಿನ ಖರ್ಚಿನ ಲೆಕ್ಕ ಬರೆಯುವವರೂ ಹೆಂಗಸರು. ಅಷ್ಟೇ ಅಲ್ಲ, ರಾಜ್ಯದ ವಿದ್ಯಮಾನಗಳನ್ನು ಬರೆದು ಹೊರಗಿನ ಬರಹಗಾರರ ಪುಸ್ತಕದೊಂದಿಗೆ ತಾಳೆ ನೋಡುವವರೂ ಇದ್ದರು. ತಿರುಮಲಾಂಬೆಯ ಸುತ್ತ ಇಂಥ ಅಕ್ಷರ ಬಲ್ಲವರ ಒಂದು ಗುಂಪನ್ನು ಕಟ್ಟಿ. ಆಗ ಆಕೆ ಆಕಾಶದಿಂದ ಬಿದ್ದ ಪ್ರತಿಭೆಯಾಗಿ ಕಾಣುವುದಿಲ್ಲ.

ಹಂಪಿಯಲ್ಲಿ ಇಂದು ತೋರಿಸುವ ‘ರಾಣಿಯರ ಸ್ನಾನಗೃಹ’, ‘ಕಮಲ ಮಹಲ್’, ‘ಜನಾನಾ ಆವರಣ’ ಎಂಬ ಹೆಸರುಗಳನ್ನು ನಂಬಿ ದೃಶ್ಯ ಕಟ್ಟಬೇಡಿ. ಇವು ಬಹಳ ತಡವಾಗಿ ಅಂಟಿದ ಹೆಸರುಗಳು. ಕಟ್ಟಡ ಬಳಸಿ, ಹಲಗೆಯ ಮೇಲಿನ ಹೆಸರು ಬಿಡಿ.

ಮಾತು, ಊಟ, ಹೊತ್ತು

ಸಂಭಾಷಣೆಗೆ ಹಳಗನ್ನಡ ಬೇಡ, ಓದುಗ ಎರಡನೆಯ ಪುಟಕ್ಕೆ ಕೈಮುಗಿಯುತ್ತಾನೆ. ಇಂದಿನ ಸರಳ ಕನ್ನಡದಲ್ಲೇ ಬರೆದು, ಆಮೇಲೆ ಬಂದ ಪದಗಳನ್ನು ಜರಡಿ ಹಿಡಿಯಿರಿ. ಅರ್ಜಿಗೆ ಬಿನ್ನಹ, ಹುಕುಮಿಗೆ ಅಪ್ಪಣೆ ಅಥವಾ ನಿರೂಪ, ಖಜಾನೆಗೆ ಭಂಡಾರ, ದರ್ಬಾರಿಗೆ ಓಲಗ, ಕಾಗದಕ್ಕೆ ಓಲೆ ಅಥವಾ ಕಡತ. ಅತಿ ಮಡಿಯೂ ಬೇಡ. ಕುಲ್ಲಾಯಿ (ಎತ್ತರದ ಟೋಪಿ), ಕಬಾಯಿ (ನಿಲುವಂಗಿ) ಪರದೇಶಿ ಪದಗಳಾದರೂ ವಿಜಯನಗರದ ಆಸ್ಥಾನದ ಉಡುಪೇ ಅವು. ರಾಯನಿಗೆ ‘ಜೀಯ’, ರಾಣಿಗೆ ‘ಅಮ್ಮನವರೆ’ ಸಾಕು. ‘ಮಹಾರಾಣಿಯವರಿಗೆ ಜಯವಾಗಲಿ’ ನಾಟಕದ ಕಂಪನಿಗೆ ಇರಲಿ.

ಎಚ್ಚರಿಕೆ ಕೊಡುವ ಒಂದು ದೃಶ್ಯವನ್ನು ಎರಡು ಬಗೆಯಲ್ಲಿ ನೋಡಿ. ಮೊದಲ ಬಗೆ:

“ಮಹಾರಾಣಿ, ನಿಮ್ಮ ಸೋದರನನ್ನು ನಂಬಬೇಡಿ! ಅಧಿಕಾರದ ಆಸೆಗೆ ಅವನು ಕುಮಾರರನ್ನು ಬಲಿ ಕೊಡುತ್ತಾನೆ!”

ಎರಡನೆಯ ಬಗೆ:

“ಅಮ್ಮನವರೆ, ಚಿಕ್ಕರಾಜರ ಬಿಡಾರದಿಂದ ಕುಮಾರರಿಗೆ ನಿನ್ನೆ ಹಾಲು ಬಂದಿದೆ. ನಮ್ಮ ಕಡತದಲ್ಲಿ ಇಲ್ಲ.”

“ಬರೆದುಕೊಂಡರಾಯಿತು.”

“ಹೊರಗಿನವರ ಕಡತದಲ್ಲೂ ಇಲ್ಲ.”

ಎರಡನೆಯದರಲ್ಲಿ ಯಾರೂ ಕೂಗಲಿಲ್ಲ, ಯಾರ ಮೇಲೂ ಆರೋಪ ಹೊರಿಸಲಿಲ್ಲ. ಊಳಿಗದವಳು ತನ್ನ ಮಿತಿಯಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿದಳು, ಕೇಳಿಸಿಕೊಳ್ಳುವುದು ಬಿಡುವುದು ರಾಣಿಗೆ ಬಿಟ್ಟದ್ದು. ವಿಷ ಬೇಕೇ ಬೇಕು ಎನ್ನುವವರೂ ಅದನ್ನು ಹೀಗೆ ಲೆಕ್ಕದ ಪುಸ್ತಕದಲ್ಲಿ ಇಡಿ.

ಅಡುಗೆಮನೆಯಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ, ಜೋಳದ ಪಕ್ಕದಲ್ಲಿ ಮುಸುಕಿನ ಜೋಳ ಇದ್ದರೆ ತೆಗೆದು ಹಾಕಿ. ಇವೆಲ್ಲ ಅಮೆರಿಕ ಖಂಡದಿಂದ ಹಡಗೇರಿ ಬಂದವು. ಮೆಣಸಿನಕಾಯಿ ಪೋರ್ಚುಗೀಸರೊಂದಿಗೆ ಕರಾವಳಿ ಮುಟ್ಟಿದ್ದರೂ 1533ರ ರಾಯನ ಸಾರಿಗೆ ಖಾರ ಕೊಡುವುದು ಕರಿಮೆಣಸು, ಶುಂಠಿ. ಹೊಗೆಸೊಪ್ಪೂ ಇಲ್ಲ, ಹಡಪದಲ್ಲಿ ಎಲೆ, ಅಡಿಕೆ, ಸುಣ್ಣ, ಕರ್ಪೂರ ಇರಲಿ. ಹೊತ್ತಿಗೆ ‘ಐದು ನಿಮಿಷ’ ಬರೆಯಬೇಡಿ: ಗಳಿಗೆ 24 ನಿಮಿಷ, ಜಾವ ಏಳೂವರೆ ಗಳಿಗೆ, ಹಗಲಿರುಳು ಸೇರಿ 60 ಗಳಿಗೆ. ನಾಣ್ಯ ವರಾಹ, ಅದರ ಅರ್ಧ ಪ್ರತಾಪ. ಅಚ್ಯುತನ ಚಿನ್ನದ ನಾಣ್ಯದ ಮೇಲೆ ಗಂಡಭೇರುಂಡವಿದೆ. ನಾಣ್ಯ ಕೈ ಬದಲಾಯಿಸುವ ಕಡೆ ಒಮ್ಮೆ ಕಾಣಿಸಿದರೆ ಸಾಕು, ಪ್ರತಿ ಬಾರಿ ವರ್ಣಿಸಿದರೆ ಸಂಗ್ರಹಾಲಯದ ಪಟ್ಟಿಯಾಗುತ್ತದೆ.

ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಮೂರು ವಾರ ಮುಟ್ಟದೆ ಇಡಿ. ಆಮೇಲೆ ತಿರುಮಲಾಂಬೆಯ ಒಂಬತ್ತು ಅಧ್ಯಾಯವನ್ನಷ್ಟೇ ಬೇರೆ ತೆಗೆದು ಒಂದೇ ಬೈಠಕ್ಕಿನಲ್ಲಿ ಓದಿ. ಆಕೆ ಬರೀ ರಾಣಿಯನ್ನು ನೋಡುವ ಕಣ್ಣಾಗಿದ್ದರೆ, ಆಕೆಗೆ ತನ್ನದೇ ಆದ ಆಸೆ, ತನ್ನದೇ ಆದ ಸಣ್ಣತನ ಇಲ್ಲದಿದ್ದರೆ, ಅದು ಕಾದಂಬರಿಯ ಮುರುಕು. ಸಮಾಪ್ತಿ ಗದ್ಯದಲ್ಲಿ ರಾಯನ ಪ್ರೇಮವನ್ನು ಹೆಸರಿಸಿದ ಹೆಂಗಸು ಅಷ್ಟು ನಿರ್ಲಿಪ್ತಳಾಗಿರಲಾರಳು.

ಇಬ್ಬರ ಬಾಯಲ್ಲೂ ಇಂದಿನ ವೇದಿಕೆಯ ಭಾಷಣ ಬಂದಿದ್ದರೆ ಹೊಡೆದು ಹಾಕಿ. ಅವರಿಗಿದ್ದ ಬಿಡುಗಡೆ ಬೇರೆ ಬಗೆಯದು: ಒಬ್ಬಳಿಗೆ ತನ್ನ ಉಂಬಳಿಯ ಊರಿನ ಹುಟ್ಟುವಳಿ, ಇನ್ನೊಬ್ಬಳಿಗೆ ಓಲೆಯ ಮೇಲೆ ಓಡುವ ಕಂಟ (ಬರೆಯುವ ಕಡ್ಡಿ).

ಪುಸ್ತಕದ ಕೊನೆಗೆ ಎರಡು ಪುಟದ ಟಿಪ್ಪಣಿ ಹಾಕಿ, ಕೆಂಪು ಶಾಯಿಯದು ಯಾವುದು ಎಂದು ನೇರವಾಗಿ ಬರೆಯಿರಿ. ಎಳೆಯ ವೆಂಕಟಾದ್ರಿಯ ಕೊಲೆ ಇತಿಹಾಸ, ಹಾಲಿನ ಲೆಕ್ಕ ನಿಮ್ಮದು. ಇದನ್ನು ಬಿಟ್ಟರೆ ನಾಲ್ಕು ವರ್ಷದಲ್ಲಿ ಯಾರೋ ನಿಮ್ಮ ಹಾಲಿನ ಬಟ್ಟಲನ್ನು ಇತಿಹಾಸವೆಂದು ಉಲ್ಲೇಖಿಸುತ್ತಾರೆ.

ಅಚ್ಚಿಗೆ ಕೊಡುವ ಮುನ್ನ ಒಮ್ಮೆ ಹಂಪಿಗೆ ಹೋಗಿಬನ್ನಿ. ವಿಠ್ಠಲ ದೇವಾಲಯಕ್ಕೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ನೆತ್ತಿಯ ಬಿಸಿಲಲ್ಲಿ ಶಾಸನದ ಅಕ್ಷರ ಕಲ್ಲಿನಲ್ಲಿ ಕರಗಿಹೋಗುತ್ತದೆ. ಓರೆ ಬಿಸಿಲು ಸಿಗದ ಕಡೆ ಟಾರ್ಚನ್ನು ಬದಿಯಿಂದ ಗೋಡೆಗೆ ಒರಗಿಸಿದಂತೆ ಹಿಡಿಯಿರಿ. ಸುಣ್ಣ, ಬಳಪ ತಿಕ್ಕಬೇಡಿ, ನೀರು ಚಿಮುಕಿಸಬೇಡಿ. ಅಲ್ಲಿಂದ ಕಮಲಾಪುರದ ಪಟ್ಟಾಭಿರಾಮ ದೇವಾಲಯಕ್ಕೆ ಬಂದು, ರಾಣಿಯ ಹೆಸರಿನ ಪೇಟೆಯಿದ್ದ ಜಾಗದಲ್ಲಿ ಈಗ ಏನು ಬೆಳೆದಿದೆ ಎಂದು ನೋಡಿಕೊಂಡು, ಕೊನೆಯ ಅಧ್ಯಾಯವನ್ನು ಮತ್ತೊಮ್ಮೆ ಬರೆಯಿರಿ.